ಧೂಳಿನ ಬೆಲ್ಲ

ಬೆಳಿಗ್ಗೆ ಎದ್ದಾಗಿನಿಂದ ಸಿಂಗ್ರಿಗೌಡ ಒಂದು ಕೆಮ್ಮಿಗಾಗಿ ಕಾಯುತ್ತಿದ್ದ. ಎದೆ ಕಿತ್ತುಕೊಂಡು ಬರುವಂಥದೇನೂ ಬೇಡ, ಎದುರಿಗೆ ಕೂತವರು ಒಂದು ಸಲ ತಲೆಯೆತ್ತಿ ನೋಡುವಷ್ಟಿದ್ದರೆ ಸಾಕಿತ್ತು. ಹಿತ್ತಿಲಿಗೆ ಹೋಗಿ ಗಂಟಲಿಗೆ ಬೆರಳಿಟ್ಟು ನೋಡಿದ. ವಾಕರಿಕೆ ಬಂತೇ ಹೊರತು ಕೆಮ್ಮು ಬರಲಿಲ್ಲ. ನೀರೊಲೆಗೆ ಹಸಿ ತೆಂಗಿನಮಟ್ಟೆ ತುರುಕಿ, ಎದ್ದ ಹೊಗೆಗೆ ಮುಖ ಕೊಟ್ಟು ಕುಕ್ಕರುಗಾಲಲ್ಲಿ ಕೂತ. ಕಣ್ಣಲ್ಲಿ ನೀರು ಸುರಿಯಿತು, ಮೂಗು ಸೋರಿತು. ಹಾಳು ಎದೆ ಮಾತ್ರ ಕಮ್ಮಾರನ ತಿದಿಯ ಹಾಗೆ ಹೊಗೆಯನ್ನು ಒಳಗೆಳೆದುಕೊಂಡು ಸಲೀಸಾಗಿ ಹೊರಗೆ ಬಿಟ್ಟಿತು. ಅರವತ್ತು ದಾಟಿದವನಿಗೆ ದೇವರು ಕೊಟ್ಟ ಇಂಥ ಎದೆಗೆ ಕೈಮುಗಿಯಬೇಕೋ, ಗುದ್ದಿಕೊಳ್ಳಬೇಕೋ ತಿಳಿಯದೆ ಅವನು ಹೊಗೆಯೊಳಗೇ ಕೂತಿದ್ದಾಗ ಹೆಂಡತಿ ಮಾಯಮ್ಮ ಬಚ್ಚಲಿನ ಬಾಗಿಲಿಗೆ ಬಂದಳು.

“ಅಯ್ಯೋ ನಿನ್ ಬುದ್ಧಿಗಿಷ್ಟು! ತಪಸ್ಸಿಗೇನಾರ ಕೂತಿದ್ದೀಯಾ? ಆಪೀಸರುಗಳ ಮುಂದೆ ನಿಂತ್ಕಳೋ ದಿನ ಮೋರೆಗೆಲ್ಲ ಮಸಿ ಮೆತ್ಕಂಡು. ಏಳು, ಮಗ ಬಿಳಿ ಅಂಗಿ ಆಕ್ಕೋ ಅಂತ ಏಳ್ಯದೆ, ಇಸ್ತ್ರಿ ಮಾಡ್ಸಿ ಮಡಗಿವ್ನಿ.”

ಮಗ ಎಂದರೆ ಮಗಳು ಸಹನ. ಬೂಕನಕೆರೆಗೆ ಕೊಟ್ಟ ಹುಡುಗಿ. ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾಳೆ, ಅವಳ ಗಂಡ ಅಶೋಕ್ ಅಲ್ಲೇ ಶೀಟು ಮಿಶನ್ನಿನಲ್ಲಿದ್ದಾನೆ. ಸಿಂಗ್ರಿಗೌಡ ಆಯುಸ್ಸೆಲ್ಲ ದುಡಿದು, ಹೋದ ವರ್ಷ ಹಾರ ಹಾಕಿಸಿಕೊಂಡು ಹೊರಬಂದದ್ದೂ ಅದೇ ಕಾರ್ಖಾನೆಯಿಂದಲೇ. ಪಾಂಡವಪುರ ದಾಟಿ ಕೆ.ಆರ್.ಪೇಟೆ ಕಡೆಗೆ ಹೋಗುವ ರಸ್ತೆಯ ಪಕ್ಕ ಅದು. ದನದ ಕೊಟ್ಟಿಗೆ, ಕೋಳಿ ಫಾರಂ, ಆಲೆಮನೆ, ಸುತ್ತಿನ ಸೀಮೆಯಲ್ಲಿ ಅದರ ಶೀಟು ಹೊದೆಯದ ಸೂರು ಕಡಿಮೆ. ಆದರೆ ಸಿಮೆಂಟಿಗೆ ಕಲಸುವ ಕಲ್ನಾರು ಈ ದೇಶದ್ದಲ್ಲ. ಎಲ್ಲಿಯದೋ ಹಿಮದ ಸೀಮೆಯ ಬೆಟ್ಟ ಒಡೆದು, ಹತ್ತಿಯ ಹಾಗೆ ಹಿಂಜಿ, ಮೂಟೆ ಕಟ್ಟಿ ಹಡಗಿಗೆ ಹಾಕುತ್ತಾರೆ. ಅದರ ಧೂಳು ಎದೆಗೆ ಇಳಿದರೆ ಮತ್ತೆ ಆಚೆಗೆ ಬರುವುದಿಲ್ಲವೆಂದು ಸರ್ಕಾರಕ್ಕೆ ಕೊನೆಗೂ ಗೊತ್ತಾಗಿ, ಹಿಂದಿನ ಹಾಗೆ ಬೇಕೆಂದಾಗ ತರಿಸುವಂತಿಲ್ಲ, ಪರವಾನಗಿ ಬೇಕು ಎಂದಿತ್ತು. ಪರವಾನಗಿಗೆ ಮೊದಲು ಸಮಿತಿ ಬಂದು ನೋಡಬೇಕು. ಹಡಗು ಆಗಲೇ ಬಂದರಿನಲ್ಲಿ ನಿಂತಿದೆ, ಗೋಡೌನಿನಲ್ಲಿ ನಾರು ಮುಗಿದಿದೆ, ಮಿಶನ್ನು ನಿಂತಿದೆ. ಪರವಾನಗಿ ಸಿಗಲಿಲ್ಲವೆಂದರೆ ಸಹನ ಮತ್ತು ಅಶೋಕ್ ಇಬ್ಬರೂ ಒಂದೇ ದಿನ ಮನೆಗೆ ಬಂದು ಕೂರುತ್ತಾರೆ. ಅವಳೇ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ್ದಳು: “ಅಪ್ಪಯ್ಯ, ನಾರಿನ ರೂಮಲ್ಲಿ ಗೇಯ್ದು ಇನ್ನೂ ಗಟ್ಟಿಯಾಗಿರೋರು ಯಾರಾದ್ರೂ ಅವ್ರಾ ಅಂತ ಸಮಿತಿಯೋರು ಕೇಳವ್ರೆ. ನಮ್ಮಪ್ಪನೇ ಅವ್ರಲ್ಲ ಸಾರ್ ಅಂದೆ. ನಮ್ ಆಪೀಸಿನ ಚೈತನ್ಯ ಸಾರ್ ಕುರ್ಚಿ ಬುಟ್ಟು ಎದ್ ನಿಂತ್ಬುಟ್ರು!” ಅವಳ ದನಿಯಲ್ಲಿದ್ದ ಹೆಮ್ಮೆಗೆ ಸಿಂಗ್ರಿಗೌಡ “ಆಯ್ತು ಕಣವ್ವ” ಎನ್ನದೆ ಬೇರೆ ಏನು ತಾನೇ ಹೇಳಿಯಾನು.

ಕಾರ್ಖಾನೆಯ ಕಾರು ಕಿರಂಗೂರಿನ ಅವನ ಬಾಗಿಲಿಗೇ ಬಂತು. ಇಷ್ಟು ವರ್ಷ ಬಸ್ಸಿಗೆ ಓಡಿ ಓಡಿ ಚಪ್ಪಲಿ ಸವೆಸಿದವನಿಗೆ ಮುಂದಿನ ಸೀಟು. ಕಾರು ತಂದವನು ಅಬ್ದುಲ್ ವಾಹಿದ್. ಶ್ರೀರಂಗಪಟ್ಟಣದ ಕೋಟೆಯೊಳಗಿನವನು, ಮೊದಲು ಕಾರ್ಖಾನೆಯ ಲಾರಿ ಓಡಿಸುತ್ತಿದ್ದ, ಈಗ ಬೆನ್ನುನೋವೆಂದು ಸಾಹೇಬರ ಕಾರಿಗೆ ಬಂದಿದ್ದ. “ಏನ್ ಗೌಡ್ರೇ, ಮಾಶಾಅಲ್ಲಾ, ಮದ್ವೆ ಗಂಡು ಹೊಂಟಂಗದೆ” ಎಂದು ಬಾಗಿಲು ತೆಗೆದ. ಹೆದ್ದಾರಿ ದಾಟಿ ಪಾಂಡವಪುರದ ರಸ್ತೆಗೆ ತಿರುಗಿದ ಮೇಲೆ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿ ಸಿಕ್ಕವು. ಒಂದರ ಹಿಂದೆ ಇನ್ನೊಂದು ತೆವಳುತ್ತಿದ್ದವು. ಯಾವುದೋ ಆಲೆಮನೆಯಿಂದ ಪಾಕ ಕುದಿಯುವ ವಾಸನೆ ಕಾರಿನೊಳಗೆ ಬಂತು. ಸಿಂಗ್ರಿಗೌಡ ಗಾಜು ಏರಿಸಿದ. ಆ ವಾಸನೆ ಬಂದರೆ ಅವನಿಗೆ ಶನಿವಾರ ನೆನಪಾಗುತ್ತಿತ್ತು. ಶನಿವಾರ ಸಂಜೆ ಸೈರನ್ನು ಕೂಗಿದ ಮೇಲೆ ನಾರಿನ ರೂಮಿನವರೆಲ್ಲ ಹೊಂಗೆಮರದ ಕೆಳಗೆ ಸಾಲಾಗಿ ನಿಲ್ಲಬೇಕು, ಮೇಸ್ತ್ರಿ ಹೆಸರು ಕೂಗಿ ಒಬ್ಬೊಬ್ಬರ ಟವಲಿಗೂ ಅಚ್ಚುಬೆಲ್ಲ ಹಾಕಬೇಕು. ಧೂಳು ಕುಡಿದವನು ಬೆಲ್ಲ ತಿಂದರೆ ಧೂಳು ಕರಗಿ ಕೆಳಗಿಳಿಯುತ್ತದೆ ಎಂಬುದು ಕಾರ್ಖಾನೆಯವರ ನಂಬಿಕೆ. ನಂಬಿಕೆಯೋ, ಅಗ್ಗದ ಔಷಧಿಯೋ, ಯಾರು ಕಂಡರು? ಎಲ್ಲರೂ ಅದನ್ನು ಧೂಳಿನ ಬೆಲ್ಲ ಎನ್ನುತ್ತಿದ್ದರು. ‘ಸಿಂಗ್ರಿಗೌಡ’ ಎಂದು ಕೂಗಿದಾಗ ಅವನೂ ಟವಲು ಒಡ್ಡುತ್ತಿದ್ದ. ಪಕ್ಕದಲ್ಲಿ ಮಂಚಯ್ಯ ನಿಂತಿರುತ್ತಿದ್ದ, ಅಡಿಯಿಂದ ಮುಡಿಯವರೆಗೆ ಬೆಳ್ಳಗೆ, ರೆಪ್ಪೆಗೂದಲಿನ ಮೇಲೂ ನಾರು. ಸಿಂಗ್ರಿಗೌಡನ ಅಂಗಿ ಮಾತ್ರ ಬೆಳಿಗ್ಗೆ ಮಾಯಮ್ಮ ಮಡಿಸಿಕೊಟ್ಟ ಹಾಗೇ ಇರುತ್ತಿತ್ತು.

“ಮಂಚಯ್ಯನೂ ಬತ್ತಾನಂತೆ ಇವತ್ತು,” ವಾಹಿದ್ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. “ಅವನ ಮಗ ಸಿದ್ದಾರ್ಥ ಇಲ್ವಾ, ಅವನೇ ಸಂತೆಬಾಚಹಳ್ಳಿಯಿಂದ ಆಟೋ ಮಾಡಿ ಕರ್ಕಂಡು ಬತ್ತಾ ಅವ್ನೆ. ಸಮಿತಿಯೋರ ಮುಂದೆ ಅಪ್ಪನ್ನ ನಿಲ್ಲಿಸ್ತೀನಿ, ಪರಿಹಾರ ಕೊಡ್ಸಿ, ಆಮೇಲೆ ಪರ್ಮಿಶನ್ನು ಕೊಡಿ ಅಂತ ಕೇಳ್ತೀನಿ ಅಂತಾನೆ. ಗೇಟಲ್ಲಿ ಒಳಕ್ಕೆ ಬುಡಬ್ಯಾಡಿ ಅಂತ ಆರ್ಡರಾಗದೆ.”

“ಎಂಗವ್ನೆ ಅವ್ನು?”

“ಎಂಗಿರ್ತಾನೆ? ನಾಕ್ ಮಾತಾಡಕ್ಕೆ ಎಂಟು ಸಲ ಉಸುರು. ಕಾರ್ಖಾನೆಯೋರು ಬೀಡಿಯಿಂದ ಅಂತಾವ್ರೆ.” ವಾಹಿದ್ ಒಂದು ಟ್ರಾಕ್ಟರನ್ನು ಹಿಂದೆ ಹಾಕಿದ. “ಅದೇ ರೂಮು, ಅದೇ ಕೆಲಸ, ಗೌಡ ಗುಂಡುಕಲ್ಲಂಗವ್ನೆ, ಇವನಿಗ್ಯಾಕೆ ಹಿಂಗಾಯ್ತು ಅಂತ ಕೇಳ್ತಾರೆ. ಅದಕ್ಕೇ ಅಲ್ವಾ ನಿಮಗೆ ಕಾರು.”

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಸ್ಥಿತಿ ಸಿಂಗ್ರಿಗೌಡನದು, ಉಗುಳುವ ಹಾಗಿಲ್ಲ ನುಂಗುವ ಹಾಗಿಲ್ಲ. ಅವನು ಆ ರೂಮಿನಲ್ಲಿ ಕೆಲಸ ಮಾಡಿದ್ದರೆ ತಾನೇ? ಕೆಲಸಕ್ಕೆ ಸೇರಿದಾಗ ಖಾಲಿ ಇದ್ದದ್ದು ನಾರಿನ ರೂಮಿನ ಜಾಗವೊಂದೇ. ಮೂಟೆ ಸೀಳಿ, ನಾರನ್ನು ಕೈಯಲ್ಲಿ ಬಿಡಿಸಿ ಕಲಸುವ ತೊಟ್ಟಿಗೆ ಸುರಿಯುವ ಕೆಲಸ. ಅದಕ್ಕೆ ಬರುತ್ತಿದ್ದವರೆಲ್ಲ ಆಚೆಕೇರಿಯವರು. ಶೀಟು ಮಿಶನ್ನಿನಲ್ಲಿದ್ದವರು ಬಹುಪಾಲು ಊರೊಳಗಿನವರು. ಇಬ್ಬರಿಗೂ ಸೇರಿ ಕುಡಿಯುವ ನೀರಿನ ಹಂಡೆ ಇದ್ದದ್ದು ಒಂದೇ, ಹೊಂಗೆಮರದ ಕೆಳಗೆ. ಅದನ್ನು ಆಚೆಕೇರಿಯವರು ಮುಟ್ಟುವಂತಿಲ್ಲ. ಮುಟ್ಟಿದರೆ ಶೀಟಿನವರು ಕುಡಿಯುವುದಿಲ್ಲ. ಹಂಡೆಯಿಂದ ಎತ್ತಿ ಹುಯ್ಯುವುದಕ್ಕೆ ಊರೊಳಗಿನವನೊಬ್ಬ ಬೇಕಾಗಿತ್ತು. ಮೇಸ್ತ್ರಿ ಬೇರೆ ಯಾರೂ ಅಲ್ಲ, ಮಾಯಮ್ಮನ ಸ್ವಂತ ಅಣ್ಣ. ಮೊದಲ ದಿನವೇ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದ: “ನೀನ್ಯಾಕ್ಲಾ ಅವರ ಜತೆ ಒಳಕ್ಕೋಗೀಯೆ? ಹಂಡೆ ತಾವ್ ನಿಂತ್ಕೊ. ನಾಲ್ಕ್ ತಂಬಿಗೆ ಉಯ್ಯಿ, ನೆರಳಲ್ಲಿರು. ಹಾಜ್ರಿ ಪುಸ್ತಕದಲ್ಲಿ ಹೆಸರು ಒಳಗೇ ಇರ್ತದೆ.” ಹೆಸರು ಒಳಗೇ ಇತ್ತು. ಅವನು ಹೊರಗಿದ್ದ. ಅದೊಂದು ದೊಡ್ಡ ವಿಷಯವೆಂದು ಆಗ ಯಾರಿಗನ್ನಿಸಿತು? ಊರಿನ ಹೋಟೆಲಿನಲ್ಲಿ ಇದ್ದದ್ದೇ ಅಲ್ಲೂ ಇತ್ತು, ಅಷ್ಟೇ.

“ನಾನೂ ಒಂದಿನ ನಿಮ್ ಕೈಲಿ ನೀರು ಕುಡ್ದಿವ್ನಿ ಗೌಡ್ರೇ, ನೆನಪದಾ?” ವಾಹಿದ್ ಕೇಳಿದ. ಮನಸ್ಸಿನಲ್ಲಿ ಓಡುತ್ತಿರುವುದು ಇವನಿಗೆ ಹೇಗೆ ತಿಳಿಯಿತೆಂದು ಸಿಂಗ್ರಿಗೌಡ ಬೆಚ್ಚಿದ. “ಲಾರಿ ಇಳ್ದು ಬಂದೆ. ಲೋಟಕ್ಕೆ ಕೈ ಹಾಕಿದೆ. ನೀವು, ಬೊಗಸೆ ಇಡಿ ಸಾಬ್ರೇ ಅಂದ್ರಿ. ಮಾರನೇ ದಿನದಿಂದ ನಮ್ಮನೆಯೋಳು ನಜ್ಮುನ್ನೀಸಾ ಮನೇಲೇ ಬಾಟ್ಲಿ ತುಂಬಿ ಕೊಡೋಳು.” ಹೇಳಿ ನಕ್ಕ. ಆ ನಗೆಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ, ಯಾರದೋ ಮದುವೆಯ ಊಟದ ಕಥೆ ಹೇಳಿದ ಹಾಗಿತ್ತು. ಸಿಟ್ಟಿದ್ದಿದ್ದರೆ ಸಿಂಗ್ರಿಗೌಡನೂ ಏನಾದರೂ ಅನ್ನಬಹುದಿತ್ತು.

“ವಾಹಿದಣ್ಣ, ಇವತ್ತು ಏಳ್ಬುಡವ ಅಂತಿವ್ನಿ.”

“ಏನು?”

“ನಾನು ಒಳಕ್ಕೇ ಓಯ್ತಿರ್ನಿಲ್ಲ ಅಂತ.”

ಕಾರು ನಿಧಾನವಾಯಿತು. ಹಿಂದಿನಿಂದ ಹಾರನ್ನು ಹೊಡೆದ ಬಸ್ಸಿಗೆ ವಾಹಿದ್ ದಾರಿ ಬಿಟ್ಟ. “ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ ಬಂದು ಎದೆಗೆ ಒದ್ದ್ರಂತೆ,” ಎಂದ. “ಸಹನಮ್ಮನ್ನ ಒಂದ್ಸಲ ನೆನಸ್ಕಳಿ. ಅಳಿಯನ್ನ ನೆನಸ್ಕಳಿ. ನನಗೂ ಇದೇ ಕಾರು ಗೌಡ್ರೇ, ಮನೇಲಿ ಮಗಳು ಮಹ್ವಿಶ್ ಇನ್ನೂ ಓದ್ತಾ ಅವ್ಳೆ. ಹೇಳ್ಬ್ಯಾಡಿ ಅನ್ನಲ್ಲ. ಹೇಳಿ ಅಂತಲೂ ಹೆಂಗನ್ಲಿ?”

ಒಂದೇ ಒಂದು ಸಲ ಅವನು ಒಳಗೆ ಹೋಗಿದ್ದ. ಮಂಚಯ್ಯ ಬೊಗಸೆಯಲ್ಲಿ ನೀರು ಕುಡಿದು, ಒದ್ದೆ ಕೈಯಿಂದ ರೆಪ್ಪೆಯ ನಾರು ಒರೆಸಿಕೊಳ್ಳುತ್ತ, “ಒಂದಿನ ಬಂದ್ ನೋಡು ಗೌಡ, ಒಳಗೆ ಮಂಜು ಸುರಿದಂಗದೆ. ಕಾಸು ಕೊಟ್ರೂ ಕಾಣಕ್ಕಿಲ್ಲ” ಎಂದು ಚುಡಾಯಿಸಿದ್ದ. ಮಂಚಯ್ಯನ ಮಾತೇ ಹಾಗೆ. ತಾನು ಸಾಯುವುದನ್ನೂ ಸಿನಿಮಾ ಕಥೆಯ ಹಾಗೆ ಹೇಳುವ ಆಸಾಮಿ. ಅವತ್ತು ಮಧ್ಯಾಹ್ನ ಸಿಂಗ್ರಿಗೌಡ ಮೂಗಿಗೆ ಟವಲು ಸುತ್ತಿಕೊಂಡು ಒಳಗೆ ಕಾಲಿಟ್ಟ. ಎತ್ತರದ ಕಿಂಡಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಬಿಳಿಯ ಎಳೆಗಳು ಆಡುತ್ತಿದ್ದವು, ಅವುಗಳ ನಡುವೆ ಮನುಷ್ಯರು ಬಗ್ಗಿ ಎದ್ದು ಮಾಡುತ್ತಿದ್ದರು, ಮುಖ ಯಾರದೆಂದು ಗುರುತು ಸಿಗುತ್ತಿರಲಿಲ್ಲ. ಚೆಂದವಾಗಿತ್ತು. ನಿಜಕ್ಕೂ ಚೆಂದವಾಗಿತ್ತು, ಅದೇ ಹಾಳಾದ್ದು. ಮಂಚಯ್ಯ ಎಲ್ಲಿಂದಲೋ “ಬಂದ್ಯಾ ಗೌಡ!” ಎಂದು ಕೂಗಿದ್ದೇ ತಡ, ಹಿಂದಿನಿಂದ ಮೇಸ್ತ್ರಿ ರಟ್ಟೆ ಹಿಡಿದು ಹೊರಗೆಳೆದು ಎಲ್ಲರೆದುರಿಗೆ ಕಪಾಳಕ್ಕೆ ಬಿಟ್ಟ. “ಅವರ ಮಧ್ಯೆ ಒಳ್ಳಾಡಿ ಬಂದು ಅದೇ ಕೈಲಿ ಹಂಡೆ ಮುಟ್ಟೀಯೇನ್ಲಾ? ಯಾವನ್ಲಾ ಕುಡೀತಾನೆ ಆಮೇಲೆ?” ಧೂಳಿನ ಮಾತು ಮೇಸ್ತ್ರಿಯ ಬಾಯಲ್ಲಿ ಬರಲೇ ಇಲ್ಲ. ಬಾವ ಹೊಡೆದನೆಂಬ ಅವಮಾನದಲ್ಲಿ ಸಿಂಗ್ರಿಗೌಡನೂ ಧೂಳನ್ನು ಮರೆತ. ಮತ್ತೆಂದೂ ಆ ಬಾಗಿಲು ದಾಟಲಿಲ್ಲ.

ಕಾರ್ಖಾನೆಯ ಗೇಟು ಬಂದಾಗ ಮೊದಲು ಕಂಡದ್ದು ಆಟೋ. ಅದರ ಪಕ್ಕ, ಕಾಂಪೌಂಡಿನ ಕಲ್ಲಿನ ಮೇಲೆ, ಎರಡೂ ಕೈ ಮಂಡಿಗೆ ಊರಿ ಮುಂದಕ್ಕೆ ಬಾಗಿ ಒಬ್ಬ ಮುದುಕ ಕೂತಿದ್ದ. ಎಲುಬಿನ ಮೇಲೆ ಅಂಗಿ ಒಣಹಾಕಿದ ಹಾಗಿತ್ತು. ಯಾರೋ ಎಂದುಕೊಂಡ ಸಿಂಗ್ರಿಗೌಡನಿಗೆ ಅದು ಮಂಚಯ್ಯ ಎಂದು ತಿಳಿದದ್ದು ಹಿಂದೆ ಚೀಲ ಹಿಡಿದು ನಿಂತಿದ್ದ ಹೆಂಡತಿ ದ್ಯಾವಮ್ಮನನ್ನು ನೋಡಿದ ಮೇಲೆ. ವಯಸ್ಸಿನಲ್ಲಿ ಮಂಚಯ್ಯ ಇವನಿಗಿಂತ ಚಿಕ್ಕವನು. ಮಗ ಸಿದ್ದಾರ್ಥ ವಾಚ್‌ಮನ್ನಿನ ಜೊತೆ ವಾದ ಮಾಡುತ್ತಿದ್ದ. ಕಾರು ಗೇಟಿಗೆ ತಿರುಗಿದಾಗ ಮಂಚಯ್ಯ ತಲೆ ಎತ್ತಿದ, ಗಾಜಿನ ಹಿಂದಿದ್ದ ಬಿಳಿ ಅಂಗಿಯ ಗುರುತು ಹಿಡಿದ, ಒಂದು ಕೈಯನ್ನು ಮಂಡಿಯಿಂದ ಇಷ್ಟೇ ಇಷ್ಟು ಎತ್ತಿದ. ನಿಲ್ಸು ಎನ್ನಲು ಸಿಂಗ್ರಿಗೌಡನ ಬಾಯಿ ತೆರೆಯಿತು. ವಾಹಿದ್ ಕೂಡ ಕಾದ ಹಾಗಿತ್ತು. ಕಾರು ಒಂದು ಗಳಿಗೆ ಜಗ್ಗಿತು. ವಾಚ್‌ಮನ್ ಸಲಾಮು ಹೊಡೆದು ಗೇಟು ತೆಗೆದ. ಕಾರು ಒಳಗೆ ಹೋಯಿತು.

ಒಳಗೆ ಎಲ್ಲ ತೊಳೆದು ರಂಗೋಲಿ ಬಿಟ್ಟಿದ್ದರು. ಹೊಂಗೆಮರ ಅಲ್ಲೇ ಇತ್ತು, ಹಂಡೆ ಯಾವತ್ತೋ ಹೋಗಿತ್ತು. ಆ ಜಾಗದಲ್ಲಿ ಫಿಲ್ಟರಿನ ನೀರಿನ ಮಿಶನ್ನು, ಅದಕ್ಕೆ ಸರಪಣಿ ಇಲ್ಲದ ಸ್ಟೀಲು ಲೋಟ. ಈಗ ಯಾರು ಬೇಕಾದರೂ ಒತ್ತಿ ಕುಡಿಯುತ್ತಾರೆ. ಸಹನ ಓಡಿ ಬಂದು ಅವನ ಅಂಗಿಯ ಕಾಲರು ಸರಿ ಮಾಡಿದಳು. “ಹೆದ್ರಬ್ಯಾಡ ಅಪ್ಪಯ್ಯ. ಅವರು ಕೇಳಿದ್ದಕ್ಕೆ ಇದ್ದಂಗೆ ಹೇಳು, ಸಾಕು.” ಪರವಾನಗಿಯ ಕೆಲಸಕ್ಕೆಂದೇ ಬೆಂಗಳೂರಿನಿಂದ ಬಂದಿದ್ದ ಕಾರ್ಖಾನೆಯ ಅಧಿಕಾರಿ ಚೈತನ್ಯ, ಮೀಸೆ ಸರಿಯಾಗಿ ಮೂಡದ ಹುಡುಗ, ಎರಡೂ ಕೈಯಲ್ಲಿ ಅವನ ಕೈ ಹಿಡಿದು ಕುಲುಕಿದ. “ನೀವೇ ನಮ್ಮ ಆಸ್ತಿ ಸಾರ್. ಸಮಿತಿಯ ಮೇಡಂಗೆ ಕನ್ನಡ ಬರಲ್ಲ, ನಾನು ಹೇಳ್ತೀನಿ. ಚಿಕ್ಕದಾಗಿ ಉತ್ತರ ಕೊಡಿ.” ಕೆಟ್ಟ ಹುಡುಗನಲ್ಲ, ರಾತ್ರಿಯೆಲ್ಲ ನಿದ್ದೆ ಕೆಟ್ಟ ಕಣ್ಣು. ಸಿಂಗ್ರಿಗೌಡ ಮಗಳ ಮುಖ ನೋಡಿದ. ಅವಳ ಮದುವೆಗೆ ಹೂರಣ ಮಾಡಿದ್ದು ಧೂಳಿನ ಬೆಲ್ಲದಲ್ಲಿ. ವಾರವಾರವೂ ತಂದದ್ದನ್ನು ಮಾಯಮ್ಮ ಗಡಿಗೆಯಲ್ಲಿ ಕೂಡಿಟ್ಟಿದ್ದಳು. ಒಂದು ಶನಿವಾರ ಮನಸ್ಸು ತಡೆಯದೆ ತನ್ನ ಪಾಲನ್ನು ಮಂಚಯ್ಯನ ಟವಲಿಗೆ ಹಾಕಹೋದಾಗ ಅವನು, “ಮಡಗು ಗೌಡ, ನಿನ್ ಮಗೀಗೆ ಆಯ್ತದೆ” ಎಂದು ವಾಪಸು ತಳ್ಳಿದ್ದ. ಮದುವೆಯಲ್ಲಿ ಆ ಹೋಳಿಗೆಯನ್ನು ಮಂಚಯ್ಯನೂ ಉಂಡ, ಚಪ್ಪರದ ಆಚೆ, ಬೇರೆ ಸಾಲಿನಲ್ಲಿ ಕೂತು. ಬಡಿಸಲು ಹೋದಾಗ ಎಲೆಯಿಂದ ತಲೆಯೆತ್ತಿ, “ನಮ್ ಬೆಲ್ಲ ಅಲ್ವಾ ಗೌಡ? ಗೊತ್ತಾಯ್ತದೆ ಬುಡು” ಎಂದು ಕಣ್ಣು ಹೊಡೆದಿದ್ದ.

ಸಮಿತಿಯವರು ಉದ್ದ ಮೇಜಿನ ಹಿಂದೆ ಕೂತಿದ್ದರು. ನಡುವೆ ಬಿಳಿಗೂದಲಿನ ಡಾಕ್ಟರಮ್ಮ, ಉತ್ತರದ ಕಡೆಯವರು. ಪಕ್ಕದಲ್ಲಿ ಜಿಲ್ಲೆಯ ಅಧಿಕಾರಿಯೊಬ್ಬರು, ಮಾತುಮಾತಿಗೂ ಹೊಟ್ಟೆ ಕುಣಿಸಿ ನಗುವವರು, ನಮ್ಮ ಕಡೆಯವರೇ. ಮೊದಲು ಒಂದು ಕೊಳವೆ ಕೊಟ್ಟು ಊದಿ ಎಂದರು. ಸಿಂಗ್ರಿಗೌಡ ಮೆತ್ತಗೆ ಊದಿದ. “ಅಯ್ಯೋ, ಜೋರಾಗಿ ಗೌಡ್ರೆ, ಗದ್ದೇಲಿ ಕೂಗಲ್ವಾ, ಹಂಗೆ!” ಎಂದರು ಜಿಲ್ಲೆಯವರು. ಎರಡನೇ ಸಲವೂ ಅವನು ಉಸಿರು ಹಿಡಿದೇ ಊದಿದ. ಗಾಜಿನಾಚೆ ನಿಂತಿದ್ದ ಸಹನಳ ಮುಖ ಬಾಡಿತು. ಮೂರನೇ ಸಲಕ್ಕೆ ಎದೆ ಅವನ ಮಾತು ಕೇಳಲಿಲ್ಲ. ಒಳಗಿದ್ದದ್ದೆಲ್ಲ ಒಮ್ಮೆಲೇ ಹೋಗಿ ಕೊಳವೆಯ ಮುಳ್ಳು ತುದಿಗೆ ಬಡಿಯಿತು. ಡಾಕ್ಟರಮ್ಮ ಹುಬ್ಬೇರಿಸಿ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದರು. ಸಂತೆಯಲ್ಲಿ ಎತ್ತಿನ ಹಲ್ಲು ಬಿಡಿಸಿ ನೋಡುವವರ ನಡುವೆ ಎತ್ತಿಗೆ ಏನನ್ನಿಸುತ್ತದೆಯೋ ಅದೇ ಅವನಿಗೂ ಅನ್ನಿಸಿತು.

ಆಮೇಲೆ ಪ್ರಶ್ನೆ. ಚೈತನ್ಯ ಕನ್ನಡ ಮಾಡಿ ಕೇಳಿದ. ನಾರಿನ ರೂಮಿಗೆ ಯಾವಾಗ ಸೇರಿದಿರಿ? ಹೇಳಿದ. ಅಲ್ಲಿಂದಲೇ ರಿಟೈರಾದಿರಾ? ಹೂಂ. ಅಲ್ಲಿ ಧೂಳಿತ್ತಾ? ಇತ್ತು. ಮೂಟೆ ಕೈಯಲ್ಲೇ ಸೀಳುತ್ತಿದ್ದರಾ? ಹೂಂ, ಕೈಯಲ್ಲೇ. ನಿಮಗೆ ಕೆಮ್ಮು, ಉಬ್ಬಸ ಯಾವತ್ತಾದರೂ ಬಂದಿತ್ತಾ? ಇಲ್ಲ. ಒಂದೊಂದು ಮಾತೂ ಸತ್ಯ. ದೇವರ ಮುಂದೆ ಬೇಕಾದರೂ ಕರ್ಪೂರ ಆರಿಸಿ ಹೇಳಬಹುದಾದ ಸತ್ಯ. ಅವು ಒಂದರ ಮೇಲೊಂದು ಕೂತು ಎದುರಿಗೆ ಏಳುತ್ತಿದ್ದ ಸುಳ್ಳನ್ನು ಸಿಂಗ್ರಿಗೌಡ ನೋಡುತ್ತಲೇ ಇದ್ದ, ಡಾಕ್ಟರಮ್ಮ ಬರೆದುಕೊಳ್ಳುತ್ತಲೇ ಇದ್ದರು. ಬೆಲ್ಲದ ವಿಷಯ ಬಂತು. ಚೈತನ್ಯ ಉತ್ಸಾಹದಿಂದ ಏನೇನೋ ಹೇಳಿದ. ತಟ್ಟೆಯಲ್ಲಿ ಅಚ್ಚುಬೆಲ್ಲ ಬಂತು. ಡಾಕ್ಟರಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು ತಲೆದೂಗಿದರು. ಅದೇ ಆಗಿರಬೇಕು. ಆ ಬೆಲ್ಲ ಅವರ ಬಾಯಲ್ಲಿ ಕರಗುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

“ನಾನು ಒಳಕ್ಕೇ ಓಯ್ತಿರ್ನಿಲ್ಲ ಬುದ್ಧಿ.”

ಚೈತನ್ಯನ ನಗು ಮುಖದ ಮೇಲೇ ನಿಂತಿತು. “ಅಂದ್ರೆ?”

“ರೂಮೊಳಕ್ಕೆ. ಓಯ್ತಿರ್ನಿಲ್ಲ. ಮಂಚಯ್ಯ ಓಯ್ತಿದ್ದ, ಬಾಕಿಯೋರು ಓಯ್ತಿದ್ರು. ನಾನು ಆಚೆ ಮರದಡೀಲಿ ನಿಂತ್ಕಂಡು ಅವ್ರಿಗೆ ನೀರು ಉಯ್ತಿದ್ದೆ. ಅಷ್ಟೂ ವರ್ಸ. ಅದೇ ನನ್ ಕೆಲ್ಸ.”

ಜಿಲ್ಲೆಯವರು ಹೊಟ್ಟೆ ಕುಣಿಸಿದರು. “ಇದೊಳ್ಳೆ ಕಥೆ ಆಯ್ತಲ್ಲ ಗೌಡ್ರೇ! ನೀರು ಹುಯ್ಯಕ್ಕೆ ಒಬ್ಬ ಆಳಾ? ಯಾಕೆ, ಅವ್ರಿಗೇನು ಕೈ ಇರ್ಲಿಲ್ವಾ?”

ಯಾಕೆ. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಅವನೂ ಯಾರನ್ನೂ ಕೇಳಿರಲಿಲ್ಲ. ಉತ್ತರ ಗೊತ್ತಿರದ ಪ್ರಶ್ನೆಯೇನಲ್ಲ. ನಾಲಗೆಯ ಮೇಲೇ ಇತ್ತು, ಮೂರು ಮಾತಿನದ್ದು. ಸಿಂಗ್ರಿಗೌಡ ತಲೆಯೆತ್ತಿದ. ಜಿಲ್ಲೆಯವರು ಇನ್ನೂ ನಗುತ್ತಿದ್ದರು. ನಗುತ್ತಲೇ ಇವನ ಮುಖ ನೋಡಿದರು. ನೋಡನೋಡುತ್ತ ಆ ನಗು ಮೂಲೆಯಿಂದ ಕಳಚಿಕೊಂಡಿತು. ಅವರೂ ಇಲ್ಲೇ ಯಾವುದೋ ಊರಿನಲ್ಲಿ ಹುಟ್ಟಿದವರು, ಅವರ ಮನೆಯ ಹಿತ್ತಿಲಲ್ಲೂ ಮೇಲಿಂದ ಹುಯ್ಯುವ ತಂಬಿಗೆಯೊಂದು ಇದ್ದಿರಬೇಕು. ಬಾಗಿಲ ಬಳಿ ನಿಂತಿದ್ದ ಶೀಟು ಮಿಶನ್ನಿನವರೆಲ್ಲ ನೆಲ ನೋಡುತ್ತಿದ್ದರು. ಗಾಜಿನಾಚೆ ಸಹನ, ಏನಾಯಿತೆಂದು ಕೇಳಿಸದೆ, ಹೇಳು ಹೇಳು ಎಂದು ಕಣ್ಣಿನಲ್ಲೇ ಹುರಿದುಂಬಿಸುತ್ತಿದ್ದಳು. ಹೇಳಿದರೆ ಮಾಯಮ್ಮನ ಸತ್ತ ಅಣ್ಣನ ಹೆಸರು ಬರುತ್ತದೆ, ಕೇಸಾಗುತ್ತದೆ, ಹಡಗು ಹಿಂದಕ್ಕೆ ಹೋಗುತ್ತದೆ. ಹೇಳದಿದ್ದರೆ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತವನು ಬೀಡಿ ಸೇದಿ ಹೀಗಾದನೆಂದು ತೀರ್ಮಾನವಾಗುತ್ತದೆ. ಅವನು ಬಾಯಿ ತೆರೆದ. ಒಳಗೆ ಹನಿ ಪಸೆ ಇರಲಿಲ್ಲ. ನಾಲಗೆ ಅಂಗುಳಕ್ಕೆ ಅಂಟಿಕೊಂಡು, ಉಸಿರು ಮಾತ್ರ ಸರಾಗವಾಗಿ ಬಂತು, ಹೋಯಿತು. ಯಾರೋ “ನೀರು ಕೊಡ್ರೀ ಅವರಿಗೆ” ಎಂದರು. ಲೋಟ ಬಂತು. ಅವನು ಲೋಟವನ್ನು ತುಟಿಗೆ ಕಚ್ಚಿ ಗಟಗಟ ಕುಡಿದ. ಕುಡಿದು ಮುಗಿಸುವಷ್ಟರಲ್ಲಿ ಜಿಲ್ಲೆಯವರು ಗಂಟಲು ಸರಿಮಾಡಿಕೊಂಡು, “ಆಯ್ತು ಬುಡಿ, ಅದೆಲ್ಲ ಈಗ್ಯಾಕೆ. ವಯಸ್ಸಾಯ್ತು, ಗಾಬರಿ ಬಿದ್ದವ್ರೆ” ಎಂದು, ಡಾಕ್ಟರಮ್ಮನ ಕಡೆ ಬಾಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆ ತಾಯಿ ಕರುಣೆಯಿಂದ ಇವನನ್ನು ನೋಡಿ, ಮುಗುಳ್ನಕ್ಕು, ಹಾಳೆ ತಿರುಗಿಸಿದರು. ಚೈತನ್ಯನಿಗೆ ಏನೂ ಅರ್ಥವಾಗಿರಲಿಲ್ಲ, ಪಾಪ. ದಾಖಲೆಯಲ್ಲಿ ಸರಿಯಾಗಿದೆ ಮೇಡಂ ಎನ್ನುವಂತೆ ಕಡತದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ.

ಶಾಲು ಹೊದಿಸಿದರು. ಬುಟ್ಟಿಯ ತುಂಬ ಅಚ್ಚುಬೆಲ್ಲ ಕೊಟ್ಟರು. ಫೋಟೋ ತೆಗೆದರು. ಸಹನ ಕಣ್ಣೊರೆಸಿಕೊಂಡು, “ಆಗೋಯ್ತದಂತೆ ಅಪ್ಪಯ್ಯ, ಪರ್ಮಿಶನ್ನು ಗ್ಯಾರಂಟಿ ಅಂತಾವ್ರೆ” ಎಂದಳು. ಅವನು ಅವಳ ತಲೆ ಮುಟ್ಟಿದ. ಅವಳ ಸಂತೋಷಕ್ಕೆ ಸುಳ್ಳು ಕೋಪವನ್ನಾದರೂ ತೋರಿಸೋಣವೆಂದರೆ ಬರಲಿಲ್ಲ, ಒಂದು ಮೂಲೆಯಲ್ಲಿ ಅವನಿಗೂ ಎದೆ ಹಗುರಾಗಿತ್ತು. ಅಳಿಯನ ಕೆಲಸ ಉಳಿಯಿತು. ಆ ಹಗುರವನ್ನು ಕಂಡು ಅವನಿಗೆ ತನ್ನ ಮೇಲೇ ಥೂ ಎನ್ನಿಸಿತು. ವಾಹಿದ್ ಕಾರಿನ ಬಾಗಿಲು ತೆಗೆದು ನಿಂತಿದ್ದ. ಸಿಂಗ್ರಿಗೌಡ, “ನಡ್ಕಂಡ್ ಬತ್ತೀನಿ” ಎಂದು ಬುಟ್ಟಿ ಹಿಡಿದು ಗೇಟಿನ ಕಡೆ, ಮಂಚಯ್ಯ ಕೂತಿದ್ದ ಕಲ್ಲಿನತ್ತ ಹೊರಟ.